ಪ್ರೊಫೆಸರಿಗಲ್ಲ, ಆಫೀಸಿನವರಿಗೆ ಬರೆಯಿರಿ

ನಿಮ್ಮ ತಂಗಿಗೆ ಅಮೆರಿಕದ ಲಾ ಸ್ಕೂಲಿನ ಫೆಲೋಶಿಪ್ ಸಿಕ್ಕಿದ್ದು ಓದಿ ತುಂಬಾ ಖುಷಿಯಾಯಿತು. ಜೆ-1 ವೀಸಾ (ವಿನಿಮಯ ಕಾರ್ಯಕ್ರಮದಲ್ಲಿ ಅಮೆರಿಕಕ್ಕೆ ಹೋಗುವವರ ವೀಸಾ) ಕಾಗದಕ್ಕೆ ಪ್ರೊಫೆಸರನ್ನೇ ಕೇಳಬೇಕಾ ಅಂತ ಕೇಳಿದ್ದೀರಿ. ಬೇಡ, ಅದು ಅವರ ಕೈಯಲ್ಲಿಲ್ಲ. ಈ ವೀಸಾಕ್ಕೆ ಬೇಕಾದ ಡಿಎಸ್-2019 ಫಾರ್ಮಿಗೆ ಸಹಿ ಹಾಕುವುದು ವಿಶ್ವವಿದ್ಯಾಲಯದಲ್ಲಿ ಇದರ ಹೊಣೆ ಹೊತ್ತ ರೆಸ್ಪಾನ್ಸಿಬಲ್ ಆಫೀಸರ್, ಇಲ್ಲವೇ ಅವರ ಬದಲಿ ಅಧಿಕಾರಿ. ಫೆಲೋಶಿಪ್ ಆಫೀಸಿನ ಸಿಬ್ಬಂದಿಗೆ ಬರೆದರೆ ಅವರೇ ಅಲ್ಲಿಗೆ ದಾಟಿಸುತ್ತಾರೆ.

ನನ್ನ ಮಗಳು ಪುಣೆಯಿಂದ ಹೊರಟಾಗ ಫಾರ್ಮಿನಲ್ಲಿ ಅವಳ ಹೆಸರು ಪಾಸ್‌ಪೋರ್ಟಿನಂತೆ ಇರಲಿಲ್ಲ. ನಮ್ಮ ಕಡೆ ಊರ ಹೆಸರು, ಅಪ್ಪನ ಹೆಸರು ಎಲ್ಲ ಸೇರಿರುತ್ತದೆ ಅಲ್ವಾ, ಅಲ್ಲೇ ಗೊಂದಲ. ಆಫೀಸಿನ ಒಬ್ಬ ಹೆಣ್ಣುಮಗಳು ಎರಡೇ ದಿನದಲ್ಲಿ ಸರಿಮಾಡಿಸಿ ಕಳಿಸಿದರು. ಅವರ ಋಣ ನಾನು ಮರೆಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಫಾರ್ಮ್ ಬಂದ ದಿನವೇ ಪ್ರತಿ ಅಕ್ಷರ ನೋಡಿ.

ಆಮೇಲೆ 220 ಡಾಲರ್ ಸೆವಿಸ್ ಫೀ (ವಿದೇಶಿ ವಿದ್ಯಾರ್ಥಿಗಳ, ವಿನಿಮಯದವರ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯ ಶುಲ್ಕ) ಕಟ್ಟಿ. ರಸೀದಿ ಇಟ್ಟುಕೊಳ್ಳಿ. ಪುಣೆ ಕಡೆಯವರಿಗಾದರೆ ವೀಸಾ ಸಂದರ್ಶನ ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕ ಕಾನ್ಸುಲೇಟಿನಲ್ಲಿ.

ಇನ್ನೊಂದು ಮಾತನ್ನು ಆಫೀಸಿನವರ ಹತ್ತಿರ ಖಂಡಿತ ಕೇಳಿ: ಫೆಲೋಶಿಪ್ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮ ಅವಳಿಗೆ ಬರುತ್ತದಾ? ಸರ್ಕಾರದ ಹಣದ ಫೆಲೋಶಿಪ್ ಆದರೆ ಬರುತ್ತದೆ. ಉತ್ತರ ಇಮೇಲಿನಲ್ಲೇ ತರಿಸಿಕೊಳ್ಳಿ.