ಅಮ್ಮನ ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಹೆದರಬೇಕೇ?

ಅಮ್ಮನ ಸ್ತನದ ಗಡ್ಡೆಯ ಬಯಾಪ್ಸಿಯಲ್ಲಿ ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಎಂದು ಬಂದಿದೆ, ಎರಡೆರಡು ಪಾಸಿಟಿವ್ ನೋಡಿ ಮನೆಯವರೆಲ್ಲ ಅಳುತ್ತಿದ್ದಾರೆ ಎಂದು ಬರೆದಿದ್ದೀರಿ. ಕೊರೊನಾ ಬಂದುಹೋದ ಮೇಲೆ ಆ ಪದಕ್ಕೆ ಕೆಟ್ಟ ಹೆಸರು ಅಂಟಿಕೊಂಡಿದೆ. ಇಲ್ಲಿ ಮಾತ್ರ ಅದು ಕೆಟ್ಟ ಸುದ್ದಿಯೊಳಗಿನ ಒಳ್ಳೆಯ ಸುದ್ದಿ. ಇಆರ್, ಪಿಆರ್ ಎಂದರೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನುಗಳನ್ನು ಹಿಡಿದುಕೊಳ್ಳುವ ರಿಸೆಪ್ಟರುಗಳು; ಹರ್-2 ಕೋಶವನ್ನು ಬೆಳೆಸುವ ಇನ್ನೊಂದು ಪ್ರೋಟೀನ್.

ನಾನು ವೈದ್ಯೆಯಲ್ಲ. ಪೆಥಾಲಜಿ ಲ್ಯಾಬಿನಲ್ಲಿ ಇಂಥ ಸ್ಲೈಡುಗಳಿಗೆ ಬಣ್ಣ ಹಾಕುವವಳು. ಗಡ್ಡೆಯ ಚೂರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿದಾಗ, ಈಸ್ಟ್ರೋಜೆನ್ ಹಿಡಿದುಕೊಳ್ಳುವ ರಿಸೆಪ್ಟರ್ ಇರುವ ಕೋಶಗಳೊಳಗಿನ ಬೀಜ (ನ್ಯೂಕ್ಲಿಯಸ್) ಕಂದಾಗುತ್ತದೆ, ಉಳಿದವು ನೀಲಿಯಾಗಿಯೇ ಇರುತ್ತವೆ. ನೂರರಲ್ಲಿ ಒಂದು ಕಂದಾದರೂ ವರದಿಯಲ್ಲಿ ಪಾಸಿಟಿವ್ ಎಂದೇ ಬರೆಯುತ್ತಾರೆ. ಆದ್ದರಿಂದ ಪಕ್ಕದಲ್ಲಿರುವ ಶೇಕಡಾವಾರನ್ನು ನೋಡಿ. 90 ಇದ್ದರೆ ಹಾರ್ಮೋನನ್ನು ತಡೆಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು. 10ರ ಒಳಗಿದ್ದರೆ ಅದರಿಂದ ಎಷ್ಟು ಉಪಯೋಗವೆಂದು ವೈದ್ಯರನ್ನೇ ಕೇಳಬೇಕು. (ತೆಗೆದ ಚೂರು, ಅದನ್ನು ಕೆಡದಂತೆ ಕಾಪಾಡುವ ಫಾರ್ಮಾಲಿನ್‌ಗೆ ಬೀಳುವುದು ತಡವಾದರೆ ಇರುವ ರಿಸೆಪ್ಟರೂ ಕಾಣದೆ ಹೋಗಬಹುದು. ಬರಿಯ ಸಲೈನಿನಲ್ಲಿ ತೇಲುತ್ತಾ ಬಂದ ಚೂರುಗಳನ್ನು ಕಂಡು ನಾನು ತಲೆ ಚಚ್ಚಿಕೊಂಡದ್ದುಂಟು.)

ರಿಸೆಪ್ಟರ್ ಇರುವ ಕೋಶಗಳು ಬೆಳೆಯುವುದೇ ಹಾರ್ಮೋನಿನ ಆಸರೆಯಲ್ಲಿ. 1896ರಲ್ಲಿ ಗ್ಲಾಸ್ಗೋದ ಬೀಟ್ಸನ್ ಎಂಬ ಶಸ್ತ್ರಚಿಕಿತ್ಸಕ, ರಿಸೆಪ್ಟರ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಈ ಹಾರ್ಮೋನ್ ತಯಾರಾಗುವ ಅಂಡಾಶಯವನ್ನು ತೆಗೆದು ಗಡ್ಡೆ ಕರಗುವುದನ್ನು ತೋರಿಸಿದ್ದ. ಈಗ ಆ ಕೆಲಸಕ್ಕೆ ಮಾತ್ರೆಯಿದೆ. ಇಆರ್ ಪಾಸಿಟಿವ್ ಇರುವವರು ಐದು ವರ್ಷ ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ ತೆಗೆದುಕೊಂಡರೆ, ಮುಂದಿನ 15 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ. ಇಆರ್ ನೆಗೆಟಿವ್ ಆದವರಿಗೆ ಅದರಿಂದ ಪ್ರಯೋಜನವಿಲ್ಲ.

ಒಂದು ತೊಡಕಿದೆ. ಮೂರೂ ನೆಗೆಟಿವ್ ಇರುವ ಕ್ಯಾನ್ಸರ್ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ. ಅಮ್ಮನ ಬಗೆಯದು ಸೌಮ್ಯ, ಆದರೆ ಹಟಮಾರಿ. 15-20 ವರ್ಷಗಳ ನಂತರವೂ ತಲೆಯೆತ್ತಬಹುದು. ಮಾತ್ರೆ ಐದು, ಕೆಲವರಿಗೆ ಹತ್ತು ವರ್ಷ ನಡೆಯುವುದು ಅದಕ್ಕೇ. ನನ್ನ ದೊಡ್ಡಮ್ಮ ಇಂಥದೇ ಇನ್ನೊಂದು ಮಾತ್ರೆಯಾದ ಲೆಟ್ರೊಜೋಲ್‌ನಿಂದ ಮಂಡಿನೋವು ಬಂತೆಂದು ಎರಡನೇ ವರ್ಷ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದರು. ಮಾತ್ರೆಯ ಪಟ್ಟಿಗಳೆಲ್ಲ ಬೀರುವಿನಲ್ಲಿ ಸಿಕ್ಕವು. ವೈದ್ಯರು ಬೈಯಲಿಲ್ಲ, ಬೇರೆ ಮಾತ್ರೆ ಬರೆದುಕೊಟ್ಟರು; ಅದನ್ನು ನುಂಗುತ್ತಿದ್ದಾರೆ.

ಕಂಕುಳಿನ ಗ್ರಂಥಿಗೆ ಹರಡಿದೆಯೇ, ಗ್ರೇಡ್ (ಕೋಶಗಳು ಎಷ್ಟು ವಿಕಾರಗೊಂಡಿವೆ ಎಂಬ ಅಳತೆ) ಎಷ್ಟು ಎಂಬುದೂ ಮುಖ್ಯ; ಅದು ಶಸ್ತ್ರಚಿಕಿತ್ಸೆಯ ವರದಿಯಲ್ಲಿ ಸ್ಪಷ್ಟವಾಗುತ್ತದೆ. ಮುಂದಿನ ಭೇಟಿಗೆ ಮೊದಲು ಅಮ್ಮನಿಗೆ ಮುಟ್ಟು ನಿಂತು ಎಷ್ಟು ವರ್ಷವಾಯಿತೆಂದು ಕೇಳಿಟ್ಟುಕೊಳ್ಳಿ. ಯಾವ ಮಾತ್ರೆ ಎಂದು ತೀರ್ಮಾನಿಸಲು ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.