ದುಡ್ಡು ಕಟ್ಟಿ ದುರ್ಯೋಧನನಾದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ತುಮಕೂರು ಕಡೆಯ ದಂಪತಿ. ಆಪ್ತಸಲಹೆಗೆಂದು ನನ್ನ ಬಳಿ ಮೊದಲು ಬಂದವರು ಹೆಂಡತಿ, ಒಬ್ಬರೇ. "ನಮ್ಮೆಜಮಾನ್ರಿಗೆ ಒಸಿ ಬುದ್ಧಿ ಹೇಳಿ ಮೇಡಂ. ರಿಟೈರಾಗಿ ವರ್ಷ ಆಯ್ತು. ಈಗ ಊರ ನಾಟಕದಲ್ಲಿ ದುರ್ಯೋಧನನ ಪಾರ್ಟು ತಗೊಂಡವ್ರೆ. ಅದಕ್ಕೆ ದುಡ್ಡೂ ಕಟ್ಟವ್ರೆ, ನಂಗೊಂದು ಮಾತು ಹೇಳ್ದೆ. ಆಡೋರಿಗೆ ದುಡ್ಡು ಕೊಡ್ತಾರೋ, ಆಡೋರೇ ಕೊಡ್ತಾರೋ?"

ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಎಂಬ ಪೌರಾಣಿಕ ನಾಟಕ ಕಟ್ಟುವಾಗ ಆಡುವವರೇ ಕೊಡುತ್ತಾರೆ. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಿಗೆ, ಬಾಡಿಗೆ ಸೀನರಿಗೆ, ಡ್ರೆಸ್ಸಿಗೆ, ಮೈಕಿಗೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ, ಎಲ್ಲಕ್ಕೂ ಆ ಹಣವೇ ಆಗಬೇಕು. ಕೃಷ್ಣ, ದುರ್ಯೋಧನನಂಥ ದೊಡ್ಡ ಪಾರ್ಟಿಗೆ ಹೆಚ್ಚು. ತಿಂಗಳುಗಟ್ಟಲೆ ತಾಲೀಮು ಮಾಡಿ ಒಂದು ರಾತ್ರಿ ಬೆಳಗಿನವರೆಗೆ ಆಡುತ್ತಾರೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ತುಮಕೂರು. ಕಂಪನಿ ನಾಟಕಗಳ ಕಾಲ ಮುಗಿದರೂ ಆ ಹಾಡುಗಾರಿಕೆ ಉಳಿದಿರುವುದು ಹೀಗೆ ಕೈಯಿಂದ ಹಾಕಿ ಆಡುವವರ ಗಂಟಲಲ್ಲಿ. ನನಗೆ ಇವರ ಮೇಲೆ ಬಹಳ ಗೌರವ.

ಯಜಮಾನರನ್ನು ಬೇರೆಯಾಗಿ ಕೂರಿಸಿ ಮಾತಾಡಿದೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೆ ನಿದ್ದೆ ಸರಿಯಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಟಿವಿ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಬದುಕು ಸಾಕೆನ್ನಿಸಿತ್ತೇ ಎಂದು ನೇರವಾಗಿಯೇ ಕೇಳಿದೆ. ಅಷ್ಟು ದೂರ ಹೋಗಿರಲಿಲ್ಲ. ತಾಲೀಮು ಶುರುವಾದ ಮೇಲೆ ನಿದ್ದೆ ಹತ್ತುತ್ತಿದೆ ಎಂದರು.

ಏನು ಸಿಗುತ್ತದೆ ಅಲ್ಲಿ ಎಂದೆ. ತುಂಬ ಹೊತ್ತು ಯೋಚಿಸಿ ಹೇಳಿದರು: "ನೌಕರಿಯುದ್ದಕ್ಕೂ 'ಆಗಲಿ ಸಾರ್' ಅಂದ ಬಾಯಿ ಇದು. ಅಲ್ಲಿ ಹೊಟ್ಟೆಯಿಂದ ದನಿ ತೆಗೀಬೇಕು. ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕೋರು, ಶ್ರುತಿ ತಪ್ಪಿದ್ರೆ ಎಲ್ಲರ ಮುಂದೆ ಬೈತಾರೆ. ಬೈಸ್ಕೊಂಡು ಕಲಿಯೋದ್ರಲ್ಲಿ ಏನೋ ಸುಖ ಐತೆ ಮೇಡಂ. ನಾನು ಹೋಗದಿದ್ರೆ ಆಸ್ಥಾನದ ಸೀನೇ ನಿಂತೋಗುತ್ತೆ."

ಆ ಕೊನೆಯ ಮಾತನ್ನು ಗುರುತು ಹಾಕಿಕೊಂಡೆ. ನಿವೃತ್ತರು ಕಳೆದುಕೊಳ್ಳುವುದು ತಮಗಾಗಿ ಕಾಯುವ ಜನರನ್ನು. ವಾಕಿಂಗ್ ಹೋಗಿ, ಧ್ಯಾನ ಮಾಡಿ ಎಂದು ಸುಲಭವಾಗಿ ಹೇಳಬಹುದು; ಆದರೆ ಒಂದು ದಿನ ತಪ್ಪಿಸಿದರೆ ಅಲ್ಲಿ ಕೇಳುವವರು ಯಾರು? ನಾಟಕದಲ್ಲಿ ಶಕುನಿಯ ಮಾತು ಮುಗಿದ ಕೂಡಲೇ ದುರ್ಯೋಧನ ಬಾಯಿ ತೆರೆಯಲೇಬೇಕು. ಕೃಷ್ಣನ ಪಾರ್ಟು ಆಟೋ ಓಡಿಸುವ ಹುಡುಗನದು. ಮೊದಲು ಅವನ ಹೆಸರೂ ಗೊತ್ತಿರಲಿಲ್ಲವಂತೆ, ಈಗ ದಿನಾ ಟೀ ಅವನ ಜೊತೆಯೇ.

ಇನ್ನೊಂದು ವಿಷಯ ಮೆಲ್ಲಗೆ ಹೊರಬಂತು. ಅಣ್ಣ ತೀರಿಕೊಂಡಾಗ ಅವರು ಅತ್ತಿರಲಿಲ್ಲ. ಕರ್ಣ ಬಿದ್ದ ಮೇಲಿನ ಪದ್ಯ ಕಲಿಯುವಾಗ ಗಂಟಲು ಕಟ್ಟಿ ತಾಲೀಮು ನಿಲ್ಲಿಸಬೇಕಾಯಿತಂತೆ. ನಾಟಕವನ್ನೇ ಚಿಕಿತ್ಸೆ ಎಂದು ನಾನು ಹೇಳುವುದಿಲ್ಲ. ಆ ದುಃಖದ ಬಗ್ಗೆ ಮಾತಾಡಲು ಬೇರೆ ದಿನ ಬರಹೇಳಿದೆ. ರಾತ್ರಿಯಿಡೀ ಆಡುವ ಮುನ್ನ ಬಿಪಿ ತೋರಿಸಿ, ಮಾತ್ರೆಯ ಹೊತ್ತು ಡಾಕ್ಟರನ್ನೇ ಕೇಳಿಕೊಳ್ಳಿ ಎಂದೂ ಹೇಳಿದೆ.

ಇಬ್ಬರನ್ನೂ ಕೂರಿಸಿದ ದಿನ ಹಣದ ಮಾತು ಮೊದಲು. ಹೇಳದೆ ಕಟ್ಟಿದ್ದು ತಪ್ಪು ಎಂದು ಅವರಿಗೆ ಸ್ಪಷ್ಟವಾಗಿ ಹೇಳಿದೆ, ಅವರು ಹೆಂಡತಿಯ ಎದುರೇ ಒಪ್ಪಿಕೊಂಡರು. ವರ್ಷಕ್ಕೆ ನಾಟಕಕ್ಕೆ ಇಷ್ಟೇ ಎಂದು ಇಬ್ಬರೂ ಸೇರಿ ಬರೆದಿಡಬೇಕು. ಅದಕ್ಕಾಗಿ ಸಾಲ ಕೂಡದು. ರಂಗದ ಮೇಲೆ ನೆಂಟರು ಹಾರ ಹಾಕಿ ಮುಯ್ಯಿ ಮಾಡಿದರೆ ಮುಂದೆ ತೀರಿಸಬೇಕಾಗುತ್ತದೆ, ಅದನ್ನೂ ಆ ಲೆಕ್ಕದೊಳಗೇ ಹಿಡಿಯಬೇಕು. ಮುಂದಿನ ಸಲ ಸಣ್ಣ ಪಾರ್ಟು ತೆಗೆದುಕೊಂಡರೂ ತಾಲೀಮಿನ ಸುಖವೇನೂ ಕಡಿಮೆಯಾಗದು.

ಆಮೇಲೆ ಆಕೆ ಇದ್ದಕ್ಕಿದ್ದಂತೆ ಕೇಳಿದರು, "ಮನೇಲಿ ನಾನೂ ಬಾಯಿ ಮುಚ್ಕೊಂಡೇ ಇದ್ದೆ. ನಂಗ್ಯಾರು ಪಾರ್ಟು ಕೊಟ್ರು?" ಅಷ್ಟು ದಿನದ ಸಿಟ್ಟಿನ ಬೇರು ಅಲ್ಲಿತ್ತು. ಭಜನೆಯಲ್ಲಿ ಚೆನ್ನಾಗಿ ಹಾಡುತ್ತಿದ್ದವರು, ಮದುವೆಯಾದ ಮೇಲೆ ಬಿಟ್ಟರಂತೆ. ಈಗ ಹೆಂಗಸರೇ ಸೇರಿ ಕುರುಕ್ಷೇತ್ರ ಆಡುವ ತಂಡಗಳೂ ಇವೆ ಎಂದಾಗ ನಂಬಲಿಲ್ಲ. ಗಂಡನಿಗೆ ಒಂದು ಕೆಲಸ ಕೊಟ್ಟೆ: ಆಕೆಯನ್ನು ತಾಲೀಮಿಗೆ ಕರೆದುಕೊಂಡು ಹೋಗಿ ಮೇಷ್ಟ್ರ ಪಕ್ಕ ಕೂರಿಸುವುದು. ವಾರಕ್ಕೆರಡು ಸಂಜೆ ಆಕೆ ಭಜನೆಗೆ ಹೋದರೆ ಅಡುಗೆಮನೆ ಇವರದು.

ಕೊನೆಗೆ, ಹವ್ಯಾಸಿಗಳಿಗೆ ನಾನು ತಪ್ಪದೆ ಹೇಳುವ ಮಾತು. ಬಣ್ಣ ತೊಳೆದ ಮರುದಿನದಿಂದ ಕೆಲವರಿಗೆ ಮನಸ್ಸು ಕುಸಿಯುತ್ತದೆ. ಸಂಜೆಯಾದರೆ ಹೋಗಲು ಜಾಗವಿಲ್ಲ. ಈ ಯಜಮಾನರ ವಿಷಯದಲ್ಲಿ ನನಗೆ ಆ ಭಯವಿತ್ತು. ಹಾಗಾಗಿ ನಾಟಕಕ್ಕೆ ಮೊದಲೇ ಮೇಷ್ಟ್ರನ್ನು ಕಂಡು, ಪಕ್ಕದೂರಿನ ಮುಂದಿನ ತಾಲೀಮಿನಲ್ಲಿ ಹೊಸಬರಿಗೆ ಪುಸ್ತಕ ಹಿಡಿದು ಮಾತು ಹೇಳಿಕೊಡುವ ಕೆಲಸ ಕೇಳಿಕೊಳ್ಳಲು ಹೇಳಿದೆ. ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. ಮೇಷ್ಟ್ರು ಒಪ್ಪಿದ್ದಾರೆ.