ಜಿಸಿಎಸ್ ಒಟ್ಟು ಸ್ಕೋರ್ ಬೇಗ ಹೇಳೋಕೆ ಶಾರ್ಟ್‌ಕಟ್ ಇದೆಯಾ?

ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್: ಕಣ್ಣು, ಮಾತು, ಚಲನೆ ಮೂರಕ್ಕೂ ಮಾರ್ಕ್ ಹಾಕಿ ರೋಗಿಗೆ ಎಷ್ಟು ಎಚ್ಚರ ಇದೆ ಅಂತ ಅಳೆಯೋದು. ಪೂರ್ತಿ ಎಚ್ಚರ ಇದ್ದರೆ ಒಟ್ಟು 15, ಇಳಿದಷ್ಟೂ ಅಪಾಯ. ನರ್ಸಿಂಗ್ ಎರಡನೇ ವರ್ಷ, ವಾರ್ಡ್‌ನಲ್ಲಿ ಸಿಸ್ಟರ್ ಕೇಳಿದ ಕೂಡಲೇ ಒಟ್ಟು ಹೇಳೋಕೆ ಆಗ್ತಿಲ್ಲ ಅಂತೀರಿ. ನಾನೂ ಹಾಗೇ ಇದ್ದೆ. ಆಮೇಲೆ ಪಟ್ಟಂತ ಹೇಳೋದು ಕಲಿತೆ, ಅದೇ ಮುಳುವಾಯ್ತು.

ಆಗ ಸಕಲೇಶಪುರದ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಮೆಣಸು ಕುಯ್ಯುವ ಕಾಲ. ಸಿಲ್ವರ್ ಮರಕ್ಕೆ ಹಾಕಿದ್ದ ಏಣಿಯಿಂದ ಬಿದ್ದವನನ್ನು ತೋಟದ ಜೀಪಿನಲ್ಲಿ ತಂದರು. ಬಾಯಲ್ಲಿ ಎಣ್ಣೆ ವಾಸನೆ. ಹೆಸರು ಕೂಗಿದರೆ ಕಣ್ಣು ಬಿಡುತ್ತಿದ್ದ, ಕಣ್ಣಿಗೆ 3. ಎಲ್ಲಿದ್ದೀಯ ಅಂದರೆ ಏನೇನೋ ಹೇಳುತ್ತಿದ್ದ, ಮಾತಿಗೆ 4. ನಾಲಿಗೆ ಚಾಚು ಅಂದರೆ ಚಾಚುತ್ತಿದ್ದ, ಚಲನೆಗೆ 6. ಚಾರ್ಟ್‌ನಲ್ಲಿ ಬರೀ 13 ಅಂತ ಬರೆದು ಮನೆಗೆ ಹೋದೆ.

ರಾತ್ರಿ ಪಾಳಿಯವರು ನೋಡುವಾಗ ಅವನು ಕಣ್ಣು ಬಿಟ್ಟುಕೊಂಡೇ ಹೊರಳಾಡುತ್ತಿದ್ದ. ಕಣ್ಣಿಗೆ 4. ಮಾತು ಅದೇ ಗೊಂದಲ, 4. ಆದರೆ ಹೇಳಿದ್ದು ಮಾಡುತ್ತಿರಲಿಲ್ಲ. ಹುಬ್ಬಿನ ಮೂಳೆ ಒತ್ತಿದರೆ ಕೈ ತಂದು ತಳ್ಳುತ್ತಿದ್ದ, ಅಷ್ಟೆ. ಅದು 5. ಕೂಡಿಸಿ ನೋಡಿ, ಮತ್ತೆ 13! ‘ಹಾಗೇ ಇದ್ದಾನೆ, ಕುಡಿದದ್ದು ಇನ್ನೂ ಇಳಿದಿಲ್ಲ’ ಅಂದುಕೊಂಡರು. ಅವರನ್ನು ಬೈಯೋ ಹಾಗಿಲ್ಲ. ಚಲನೆ 6 ಇದ್ದದ್ದು 5 ಆಗಿದೆ ಅಂತ ನನ್ನ ಚಾರ್ಟ್ ನೋಡಿ ಹೇಗೆ ಗೊತ್ತಾಗಬೇಕು? ಇ3 ವಿ4 ಎಂ6 ಅಂತ (ಇ ಕಣ್ಣಿಗೆ, ವಿ ಮಾತಿಗೆ, ಎಂ ಚಲನೆಗೆ) ಬರೆಯೋಕೆ ಎಷ್ಟು ಹೊತ್ತು ಬೇಕಿತ್ತು? ಮೂರರಲ್ಲಿ ಚಲನೆ ಇಳಿಯೋದೇ ಹೆಚ್ಚು ಅಪಾಯದ ಸೂಚನೆ, ಅದನ್ನೇ ಮೊತ್ತದೊಳಗೆ ಮುಚ್ಚಿಟ್ಟಿದ್ದೆ. ಬೆಳಗಿನ ಜಾವ ಒಂದು ಕಣ್ಣಿನ ಪಾಪೆ ದೊಡ್ಡದಾದ ಮೇಲೆ ಹಾಸನಕ್ಕೆ ಕಳಿಸಿದರು. ಸಿಟಿ ಸ್ಕ್ಯಾನ್‌ನಲ್ಲಿ ನೋಡಿದರೆ ಬುರುಡೆ ಒಳಗೆ ರಕ್ತ ಕಟ್ಟಿತ್ತು. ಆಪರೇಷನ್ ಆಗಿ ಬದುಕಿದ. ಬಲಗೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ.

ಹಾಗಾಗಿ ನಿಮಗೆ ಶಾರ್ಟ್‌ಕಟ್ ಹೇಳಿಕೊಡಲ್ಲ. 1974ರಲ್ಲಿ ಗ್ಲಾಸ್ಗೋದ ಮೆದುಳು ಶಸ್ತ್ರಚಿಕಿತ್ಸೆ ಡಾಕ್ಟರುಗಳಾದ ಟೀಸ್‌ಡೇಲ್ ಮತ್ತು ಜೆನೆಟ್ ಈ ಸ್ಕೇಲ್ ಮಾಡಿದ್ದೇ ಮೂರನ್ನೂ ಬೇರೆ ಬೇರೆ ಗಮನಿಸೋಕೆ. ಕೂಡಿಸೋ ಅಭ್ಯಾಸ ಆಮೇಲೆ ಬಂತು. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಉಸಿರುದಾರಿ ಕಾಪಾಡೋಕೆ ಡಾಕ್ಟರನ್ನು ಓಡಿಸಿ ಕರೆಯಬೇಕು, ಅಲ್ಲಿ ಮೊತ್ತ ಉಪಯೋಗಕ್ಕೆ ಬರುತ್ತೆ. ಆದರೆ ಸ್ಕೋರ್‌ಗಿಂತ ಮುಂಚೆ ಉಸಿರು ನೋಡಿ, ಬೆರಳು ಚುಚ್ಚಿ ಶುಗರ್ ನೋಡಿ. ಕುಡಿದವನಿಗೂ ಶುಗರ್ ಇಳಿಯುತ್ತೆ, ಕುಡಿದವನ ತಲೆಗೂ ಪೆಟ್ಟು ಬೀಳುತ್ತೆ.

ಕೈ ಹಿಡಿ ಅಂದಾಗ ಹಿಡಿದರೆ ಸಾಲದು, ಬಿಡು ಅಂದಾಗ ಬಿಡಬೇಕು. ಸುಮ್ನೆ ಅಂಗೈ ಮುಟ್ಟಿದರೂ ಕೆಲವರು ಹಿಡಿದುಕೊಳ್ಳುತ್ತಾರೆ. ನಮ್ಮ ತೋಟಗಳಲ್ಲಿ ಈಗ ಅಸ್ಸಾಮಿನವರು ಜಾಸ್ತಿ. ಅವರಿಗೆ ಕನ್ನಡದಲ್ಲಿ ಊರು ಕೇಳಿ ಮಾತಿಗೆ ಮಾರ್ಕ್ ಕಡಿಮೆ ಹಾಕಬೇಡಿ, ಜೊತೆಗೆ ಬಂದವರ ಹತ್ತಿರ ಕೇಳಿಸಿ. ತಲೆಗೆ ಪೆಟ್ಟು ಬಿದ್ದಿದ್ದರೆ ಸ್ಕೋರ್ 15ಕ್ಕೆ ಬರೋವರೆಗೂ ಅರ್ಧ ಗಂಟೆಗೊಮ್ಮೆ ನೋಡಿ, ಪಾಪೆಯನ್ನೂ ಸೇರಿಸಿ. ಪಾಳಿ ಬದಲಾಗುವಾಗ ಇಬ್ಬರೂ ಮಂಚದ ಹತ್ತಿರವೇ ನಿಂತು ಒಮ್ಮೆ ಪರೀಕ್ಷೆ ಮಾಡಿ.

ಗಲಾಟೆ ಮಾಡ್ತಾನೆ ಅಂತ ನಿದ್ದೆ ಇಂಜೆಕ್ಷನ್ ಕೇಳೋಕೆ ಮುಂಚೆ ಆಕ್ಸಿಜನ್ ಎಷ್ಟಿದೆ, ಮೂತ್ರ ಕಟ್ಟಿದೆಯಾ ನೋಡಿ. ಎರಡೂ ಸರಿ ಇದ್ದರೆ ಡಾಕ್ಟರಿಗೆ ‘ಗಲಾಟೆ’ ಅನ್ನಬೇಡಿ, ‘ಎಂ 6ರಿಂದ 5ಕ್ಕೆ ಬಂದಿದೆ’ ಅನ್ನಿ. ಎದ್ದು ಬರುತ್ತಾರೆ.